ವಾಸನೆ, ನೊರೆ, ಕಪ್ಪು ನೀರು: ಮಲೆನಾಡಿನ ಸಣ್ಣ ಊರಿನ ಎಸ್‌ಟಿಪಿಯಲ್ಲಿ ದೋಷ ಹುಡುಕುವುದು ಹೇಗೆ

ಹೊಳೆ ದಂಡೆಯ ಸಣ್ಣ ಊರುಗಳಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಅಂದರೆ ಊರಾಚೆ ಒಂದು ಕಾಂಪೌಂಡು, ಮೂರ್ನಾಲ್ಕು ಸಿಮೆಂಟ್ ತೊಟ್ಟಿ, ಗಾಳಿ ಊದುವ ಯಂತ್ರದ ಒಂದು ಬ್ಲೋವರ್ ರೂಮು, ಪಾಳಿಗೆ ಒಬ್ಬ ಆಪರೇಟರ್. ಲ್ಯಾಬ್ ಇರುವುದಿಲ್ಲ. ನೀರಿನ ಸ್ಯಾಂಪಲ್ ಶಿವಮೊಗ್ಗಕ್ಕೆ ಹೋಗಿ ರಿಪೋರ್ಟ್ ಕೈಗೆ ಬರುವಷ್ಟರಲ್ಲಿ ದಿನಗಳೇ ಕಳೆದಿರುತ್ತವೆ, ಯಾಕೆಂದರೆ ಬಿಒಡಿ (ನೀರಿನ ಕೊಳೆ ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಪರೀಕ್ಷೆಗೇ 27 ಡಿಗ್ರಿಯಲ್ಲಿ 3 ದಿನ ಇಡಬೇಕು. ಅಷ್ಟರಲ್ಲಿ ಕೆಟ್ಟ ನೀರು ತುಂಗೆ ಸೇರಿ ಗಾಜನೂರು ದಾಟಿರುತ್ತದೆ. ಶಿವಮೊಗ್ಗದವರು ಕುಡಿಯುವುದು ಇದೇ ಹೊಳೆಯ ನೀರನ್ನು. ‘ಗಂಗಾ ಸ್ನಾನ, ತುಂಗಾ ಪಾನ’ ಅಂತ ಹೇಳಿಕೊಂಡು ಬಂದವರು ನಾವು, ರಿಪೋರ್ಟ್ ಬರಲಿ ಅಂತ ಸುಮ್ನೆ ಕೂರುವ ಹಾಗಿಲ್ಲ.

ಕಣ್ಣು, ಮೂಗು, ಒಂದು ಲೀಟರಿನ ಜಾರು. ಇಷ್ಟು ಇದ್ದರೆ ಬಹುಪಾಲು ದೋಷ ಅವತ್ತೇ ಗೊತ್ತಾಗುತ್ತದೆ. ಇಲ್ಲಿ ಬರೆದಿರುವುದು ಟ್ಯಾಂಕಿಗೆ ಗಾಳಿ ಊದಿ ಸೂಕ್ಷ್ಮಜೀವಿ ಬೆಳೆಸುವ ಮಾದರಿಯ ಘಟಕಕ್ಕೆ. ಬೇರೆ ಮಾದರಿಯಾದರೆ ಕೆಲವು ವಿವರ ಬದಲಾಗುತ್ತವೆ, ಹುಡುಕುವ ದಾರಿ ಇದೇ.

ಒಂದು ನಿಯಮ ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಆಮೇಲೆ ಕಾಯಿರಿ. ಟ್ಯಾಂಕಿನಲ್ಲಿರುವುದು ಜೀವ. ಅದು ಹೊಸ ಸ್ಥಿತಿಗೆ ಹೊಂದಿಕೊಳ್ಳಲು ದಿನಗಳು, ಕೆಲವೊಮ್ಮೆ ವಾರ ಬೇಕು. ಗಾಳಿಯನ್ನೂ ಜಾಸ್ತಿ ಮಾಡಿ, ಕೆಸರನ್ನೂ (ಆ ಸೂಕ್ಷ್ಮಜೀವಿಗಳ ರಾಶಿಯನ್ನು) ಹೊರಹಾಕಿ, ಮೇಲಿಂದ ಸುಣ್ಣವನ್ನೂ ಸುರಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

## ಏನೇ ಮುಟ್ಟುವ ಮೊದಲು

ಮ್ಯಾನ್‌ಹೋಲ್, ವೆಟ್‌ವೆಲ್ (ಕೊಳಚೆ ಬಂದು ನಿಂತು ಪಂಪು ಎತ್ತುವ ಬಾವಿ), ಮುಚ್ಚಿದ ಟ್ಯಾಂಕ್, ಯಾವುದರ ಒಳಗೂ ಯಾರೂ ಇಳಿಯಬಾರದು. ಒಂದೇ ನಿಮಿಷದ ಕೆಲಸವಾದರೂ ಇಳಿಯಬಾರದು. ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ಅನಿಲ ಸ್ವಲ್ಪ ಇದ್ದಾಗ ಮೂಗಿಗೆ ಹೊಡೆಯುತ್ತದೆ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ) ಆಸುಪಾಸಿಗೆ ಬಂದರೆ ಮೂಗೇ ಮಂಕಾಗಿ ವಾಸನೆ ತಿಳಿಯುವುದೇ ಇಲ್ಲ. ‘ವಾಸನೆ ಹೋಯ್ತು, ಈಗ ಇಳಿಬಹುದು’ ಅಂತ ಯಾರಾದರೂ ಅಂದರೆ ಅದೇ ಅತಿ ಅಪಾಯದ ಹೊತ್ತು. ಇನ್ನೂ ಜಾಸ್ತಿಯಾದರೆ ಕೆಲವೇ ಉಸಿರಿಗೆ ಜ್ಞಾನ ತಪ್ಪುತ್ತದೆ. ಬಿದ್ದವರನ್ನು ಎತ್ತಲು ಹಿಂದೆಯೇ ಇಳಿದವರೂ ಸಾಯುತ್ತಾರೆ, ಹೀಗೆ ಎಷ್ಟೋ ಕಡೆ ಆಗಿದೆ. ಯಾರಾದರೂ ಬಿದ್ದರೆ 112ಕ್ಕೆ ಕರೆ ಮಾಡಿ, ಅಗ್ನಿಶಾಮಕದವರು ಬರುವವರೆಗೆ ಮೇಲಿನಿಂದಲೇ ಹಗ್ಗ ಬಿಡಿ, ಗಾಳಿ ಹಾಯಿಸಿ.

ರಕ್ಷಣಾ ಸಾಧನವಿಲ್ಲದೆ ಯಾರನ್ನಾದರೂ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಇಂಥ ಸಾವಿಗೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಿದೆ. ‘ಸ್ವಲ್ಪ ಇಳಿದು ನೋಡೋ’ ಅಂತ ಮೇಲಿನವರು ಹೇಳಿದರೆ ಆಗುವುದಿಲ್ಲ ಅನ್ನಿ.

ಇನ್ನೊಂದು ಮಾತು ಎಷ್ಟೋ ಜನರಿಗೆ ಗೊತ್ತಿಲ್ಲ. ಗಾಳಿ ಊದುತ್ತಿರುವ ಟ್ಯಾಂಕಿಗೆ ಬಿದ್ದರೆ ಈಜು ಬರುವವರೂ ತೇಲುವುದು ಕಷ್ಟ. ಗುಳ್ಳೆ ತುಂಬಿದ ನೀರು ಮೈಯನ್ನು ಎತ್ತಿ ಹಿಡಿಯುವುದಿಲ್ಲ. ಕಂಬಿ ಮುರಿದಿದ್ದರೆ ಬೇರೆಲ್ಲಕ್ಕಿಂತ ಮೊದಲು ಅದನ್ನು ಸರಿಮಾಡಿಸಿ, ತೇಲುವ ಟ್ಯೂಬು ಮತ್ತು ಹಗ್ಗ ಕೈಗೆ ಸಿಗುವಲ್ಲಿ ನೇತುಹಾಕಿ. ಪಂಪು ಮುಟ್ಟುವ ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಇಲಿಜ್ವರದ ಭಯವಿದೆ, ಕೈಕಾಲಿನಲ್ಲಿ ಗಾಯವಿದ್ದರೆ ಗ್ಲೌಸು, ಗಂಬೂಟು ಇಲ್ಲದೆ ನೀರು ಮುಟ್ಟಬೇಡಿ. ಜ್ವರ ಬಂದು ಮೀನಖಂಡ ಹಿಡಿದುಕೊಂಡರೆ ಡಾಕ್ಟರಿಗೆ ಎಸ್‌ಟಿಪಿಯಲ್ಲಿ ಕೆಲಸ ಮಾಡುತ್ತೇನೆ ಅಂತ ಹೇಳುವುದನ್ನು ಮರೆಯಬೇಡಿ.

## ಜಾರಿನ ಪರೀಕ್ಷೆ

ಮುಂದೆ ಪದೇ ಪದೇ ಇದರ ಮಾತು ಬರುತ್ತದೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಗಾಳಿ ಊದುವ ಏರೇಶನ್ ಟ್ಯಾಂಕಿನಿಂದ ಒಂದು ಲೀಟರ್ ನೀರು ತೆಗೆದು ಅಳತೆ ಗೆರೆ ಇರುವ ಜಾರಿಗೆ ಹಾಕಿ, ಮೆಲ್ಲಗೆ ಕದಡಿ, ಅಲ್ಲಾಡದ ಜಾಗದಲ್ಲಿ ನೆರಳಲ್ಲಿ ಇಡಿ. ಬ್ಲೋವರ್ ರೂಮಿನ ಕಟ್ಟೆ ಮೇಲೆ ಬೇಡ, ಅದು ನಡುಗುತ್ತಿರುತ್ತದೆ. ಮೊದಲ ಐದು ನಿಮಿಷ ಅಲ್ಲೇ ನಿಂತು ನೋಡಿ, ಮುಖ್ಯವಾದದ್ದು ಆಗಲೇ ಕಾಣುವುದು. ಒಳ್ಳೆಯ ಕೆಸರು ಸಣ್ಣ ಸಣ್ಣ ಹತ್ತಿ ಉಂಡೆಯ ಹಾಗೆ ಒಂದಕ್ಕೊಂದು ಅಂಟಿಕೊಂಡು, ನಡುವೆ ನೀರಿಗೆ ದಾರಿ ಬಿಡುತ್ತಾ ಒಟ್ಟಾಗಿ ಕೆಳಗಿಳಿಯುತ್ತದೆ. ಮೇಲೆ ತಿಳಿನೀರಿನ ಪಟ್ಟಿ ಅಗಲವಾಗುತ್ತಾ ಹೋಗುತ್ತದೆ. 30 ನಿಮಿಷಕ್ಕೆ ಕೆಸರು ಎಷ್ಟು ಮಿಲಿಲೀಟರ್ ಗೆರೆಗೆ ನಿಂತಿದೆ ಅಂತ ಬರೆದಿಡಿ. ಸಾಮಾನ್ಯವಾಗಿ 200ರಿಂದ 400ರ ಒಳಗಿದ್ದರೆ ಚಿಂತೆಯಿಲ್ಲ. ಜಾರನ್ನು ಆಗಲೇ ಚೆಲ್ಲಬೇಡಿ, ಇನ್ನೊಂದೂವರೆ ಗಂಟೆ ಬಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

## ಟಾಯ್ಲೆಟ್ ಗುಳುಗುಳು ಅನ್ನುತ್ತಿದೆ, ರಸ್ತೆಯ ಚೇಂಬರ್ ಉಕ್ಕುತ್ತಿದೆ

ಒಂದೇ ಮನೆಯಲ್ಲಾದರೆ ತೊಂದರೆ ಆ ಮನೆಯ ಪೈಪಿನದು. ಬೀದಿಗೇ ಆದರೆ ಯುಜಿಡಿ (ಒಳಚರಂಡಿ) ಲೈನಿನದು. ಉಕ್ಕುತ್ತಿರುವ ಮ್ಯಾನ್‌ಹೋಲಿನಿಂದ ಇಳಿಜಾರಿನ ಕಡೆಗೆ ಒಂದೊಂದೇ ಮುಚ್ಚಳ ತೆಗೆದು ಮೇಲಿನಿಂದ ನೋಡುತ್ತಾ ಹೋಗಿ. ಬೀಡಿ, ಬೆಂಕಿಕಡ್ಡಿ ಹತ್ತಿರ ತರಬೇಡಿ, ಒಳಗೆ ಮೀಥೇನ್ ಇರಬಹುದು. ತುಂಬಿದ ಮ್ಯಾನ್‌ಹೋಲ್ ಮುಗಿದು ಖಾಲಿ ಮ್ಯಾನ್‌ಹೋಲ್ ಸಿಕ್ಕಿದರೆ ಕಟ್ಟಿಕೊಂಡಿರುವುದು ಆ ಎರಡರ ನಡುವೆ, ರಭಸದ ನೀರು ಹಾಯಿಸುವ ಜೆಟ್ಟಿಂಗ್ ಗಾಡಿ ಕರೆಸಿ. ವೆಟ್‌ವೆಲ್ ತನಕ ಎಲ್ಲವೂ ತುಂಬಿದ್ದರೆ ಲೈನಿನಲ್ಲಿ ದೋಷವಿಲ್ಲ, ಪಂಪು ಎತ್ತುತ್ತಿಲ್ಲ.

ಪಂಪು ಸದ್ದು ಮಾಡುತ್ತಿದೆ, ನೀರು ಮಾತ್ರ ಬರುತ್ತಿಲ್ಲವೇ? ಕರೆಂಟಿನ ಲೈನ್ ರಿಪೇರಿ ಆಗಿತ್ತಾ ಅಂತ ಮೊದಲು ಕೇಳಿ. ಗಾಳಿಮಳೆಗೆ ಮರ ಬಿದ್ದು ಲೈನ್ ಮತ್ತೆ ಕಟ್ಟುವಾಗ ಫೇಸ್ ಅದಲು ಬದಲಾಗಿದ್ದರೆ ಮೋಟರ್ ಉಲ್ಟಾ ತಿರುಗುತ್ತದೆ. ಸದ್ದು ಇರುತ್ತದೆ, ನೀರು ಅರೆಬರೆ ಬರುತ್ತದೆ. ಎಲೆಕ್ಟ್ರಿಷಿಯನ್ ಎರಡು ವಯರು ಬದಲಿಸಿದರೆ ಮುಗಿಯಿತು, ಖರ್ಚೇ ಇಲ್ಲ. ಅದಲ್ಲವಾದರೆ ಇಂಪೆಲ್ಲರಿಗೆ (ಪಂಪಿನೊಳಗೆ ತಿರುಗುವ ಚಕ್ರ) ಬಟ್ಟೆ, ಸ್ಯಾನಿಟರಿ ಪ್ಯಾಡ್ ಸುತ್ತಿಕೊಂಡಿರುತ್ತದೆ. ಒಳಹರಿವಿನ ಜಾಲರಿ ದಿನಕ್ಕೆರಡು ಸಲ ಕೆರೆಯದಿದ್ದರೆ ಇದು ತಪ್ಪಿದ್ದಲ್ಲ.

## ಕೊಳೆತ ಮೊಟ್ಟೆ ವಾಸನೆ

‘ಎಸ್‌ಟಿಪಿ ನಾರುತ್ತಿದೆ’ ಅಂತ ದೂರು ಬಂದರೆ ಎಲ್ಲಿಂದ ಅಂತ ನಡೆದು ಹುಡುಕಿ. ಜಾಗವೇ ಅರ್ಧ ಉತ್ತರ.

ಒಳಹರಿವಿನಲ್ಲೇ ನಾರುತ್ತಿದ್ದರೆ ಕೊಳಚೆ ದಾರಿಯಲ್ಲೇ ಹಳಸಿದೆ. ಬೇಸಗೆಯಲ್ಲಿ ಹರಿವು ಕಡಿಮೆ, ನೀರು ಪೈಪಿನಲ್ಲಿ, ವೆಟ್‌ವೆಲ್‌ನಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ನೀರಿನ ಮಟ್ಟಕ್ಕೆ ತಕ್ಕ ಹಾಗೆ ಪಂಪು ಓಡಿಸುವ ಫ್ಲೋಟ್ ಸ್ವಿಚ್ಚನ್ನು ಸ್ವಲ್ಪ ಕೆಳಗಿಳಿಸಿ, ಪಂಪು ಆಗಾಗ ಓಡುವ ಹಾಗೆ ಮಾಡಿದರೆ ಎಷ್ಟೋ ವಾಸಿ. ಇದಕ್ಕೂ ಖರ್ಚಿಲ್ಲ. ಕೆಸರು ಒಣಗಿಸುವ ಹಾಸಿಗೆಯಿಂದ ಬರುತ್ತಿದ್ದರೆ ಹಸಿ ಕೆಸರನ್ನು ದಪ್ಪಗೆ ಸುರಿದಿದ್ದಾರೆ ಅಂತ ಅರ್ಥ. ಜಡಿಮಳೆಯಲ್ಲಿ ಅದು ಒಣಗುವುದೂ ಇಲ್ಲ, ಮೇಲೆ ಶೀಟ್ ಹಾಕಿಸದೆ ಬೇರೆ ದಾರಿಯಿಲ್ಲ.

ಏರೇಶನ್ ಟ್ಯಾಂಕೇ ನಾರುತ್ತಿದ್ದರೆ ಮುಂದಿನದನ್ನು ಓದಿ.

## ಟ್ಯಾಂಕಿನ ನೀರು ಕಪ್ಪಾಗಿದೆ

ಇರಬೇಕಾದ್ದು ಕಂದು ಬಣ್ಣ, ಮಣ್ಣಿನ ವಾಸನೆ. ಬೂದು ಬಣ್ಣಕ್ಕೆ ತಿರುಗಿ ಕಪ್ಪಾಗುತ್ತಿದ್ದರೆ ಗಾಳಿ ಸಾಲುತ್ತಿಲ್ಲ, ಒಳಗಿನ ಜೀವಿಗಳು ಸಾಯುತ್ತಿವೆ. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಹತ್ತಿರ ಇರಬೇಕು.

ಬ್ಲೋವರಿನಿಂದ ಶುರುಮಾಡಿ. ಏರ್ ಫಿಲ್ಟರ್ ಬಿಚ್ಚಿ ನೋಡಿ, ರಸ್ತೆ ಪಕ್ಕದ ಘಟಕವಾದರೆ ಕೆಂಪು ಧೂಳು ಗಟ್ಟಿ ಕೂತಿರುತ್ತದೆ. ಮೇನ್ ಆಫ್ ಮಾಡಿ ಬೆಲ್ಟ್ ಒತ್ತಿ ನೋಡಿ, ಸಡಿಲವಾಗಿದ್ದರೆ ಜಾರುತ್ತಿದೆ. ಎರಡು ಬ್ಲೋವರ್ ಇರುವಲ್ಲಿ ನಿಂತಿರುವ ಬ್ಲೋವರಿನ ನಾನ್ ರಿಟರ್ನ್ ವಾಲ್ವ್ ಕೆಟ್ಟಿದ್ದರೆ ಓಡುವ ಬ್ಲೋವರಿನ ಗಾಳಿ ಅದರ ಮೂಲಕ ಹಿಂದಕ್ಕೆ ಹೋಗಿಬಿಡುತ್ತದೆ. ನಿಂತ ಬ್ಲೋವರಿನ ಪುಲ್ಲಿ ತಾನಾಗಿ ಉಲ್ಟಾ ತಿರುಗುತ್ತಿದೆಯಾ ನೋಡಿ, ಅದೇ ಗುರುತು. ಅದಕ್ಕೆ ಕೈ ಮಾತ್ರ ಹಾಕಬೇಡಿ.

ಆಮೇಲೆ ಟ್ಯಾಂಕಿನ ಮೇಲ್ಮೈ ನೋಡಿ. ಗುಳ್ಳೆ ಎಲ್ಲ ಕಡೆ ಒಂದೇ ಸಮನಾಗಿ, ಸಣ್ಣದಾಗಿ ಬರಬೇಕು. ಒಂದು ಕಡೆ ಕೊತಕೊತ ಕುದಿಯುತ್ತಾ ಉಳಿದ ಕಡೆ ಸುಮ್ಮನಿದ್ದರೆ ಅಲ್ಲಿ ತಳದಲ್ಲಿ ಗುಳ್ಳೆ ಬಿಡುವ ಡಿಫ್ಯೂಸರಿನ ರಬ್ಬರ್ ಹರಿದಿದೆ, ಇಲ್ಲವೇ ಪೈಪ್ ಬಿಚ್ಚಿಕೊಂಡಿದೆ. ಎಲ್ಲ ಕಡೆ ಗುಳ್ಳೆ ಕಡಿಮೆ, ಪ್ರೆಶರ್ ಮೀಟರ್ ಮಾತ್ರ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಡಿಫ್ಯೂಸರುಗಳು ಕಟ್ಟಿಕೊಂಡಿವೆ. ಹೊಸ ಘಟಕ ಶುರುವಾದ ದಿನದ ಪ್ರೆಶರ್ ಎಷ್ಟಿತ್ತು ಅಂತ ಗೋಡೆ ಮೇಲೇ ಬರೆದಿಡಿ ಅನ್ನುವುದು ಇದಕ್ಕೇ. ಡಿಫ್ಯೂಸರ್ ಬದಲಿಸುವುದಕ್ಕೆ ಟ್ಯಾಂಕ್ ಖಾಲಿ ಮಾಡಬೇಕಾಗಬಹುದು. ಅದು ಕಂಪನಿಯವರ ಕೆಲಸ, ನೀವು ಇಲ್ಲಿಗೆ ನಿಲ್ಲಿಸಿ.

ದಿನಗಟ್ಟಲೆ ಕರೆಂಟು ಹೋಗುವುದು ನಮ್ಮಲ್ಲಿ ಹೊಸದಲ್ಲ. ಡೀಸೆಲ್ ಕಡಿಮೆ ಇದ್ದರೆ ಜನರೇಟರಿನಲ್ಲಿ ಮೂರ್ನಾಲ್ಕು ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ಬ್ಲೋವರ್ ಓಡಿಸಿ, ಕೆಸರು ಬದುಕಿಕೊಳ್ಳುತ್ತದೆ. ಕರೆಂಟು ಬಂದ ಕೂಡಲೇ ತುಂಬಿದ ವೆಟ್‌ವೆಲ್ ಪೂರ್ತಿ ಒಳಗೆ ತಳ್ಳಬೇಡಿ. ಮೊದಲು ಗಾಳಿ, ಬಣ್ಣ ತಿರುಗಿದ ಮೇಲೆ ಸ್ವಲ್ಪ ಸ್ವಲ್ಪ ಕೊಳಚೆ.

## ನೊರೆ

ಬಿಳಿ, ಹಗುರ, ಗಾಳಿಗೆ ಹಾರುವ ನೊರೆ: ಕೆಸರು ಎಳೆಯದು, ಅಥವಾ ಸೋಪು ಜಾಸ್ತಿ. ಮಲೆನಾಡಿನ ನೀರು ಮೆದು, ಸೋಪು ಬೇಗ ನೊರೆಯಾಗುತ್ತದೆ. ಹೊಸ ಘಟಕದಲ್ಲಿ ಮೊದಲ ವಾರಗಳಲ್ಲಿ ಇದು ಇದ್ದೇ ಇರುತ್ತದೆ. ಕೆಸರು ಹೊರಹಾಕುವುದನ್ನು ಕಡಿಮೆ ಮಾಡಿ, ನೀರು ಚಿಮುಕಿಸಿ, ಕಾಯಿರಿ.

ದಪ್ಪ, ಕಂದು, ಜಿಡ್ಡು ಜಿಡ್ಡಾದ ನೊರೆ ಬೇರೆ ವಿಷಯ. ಕೆಸರು ಹಳೆಯದಾಗಿದೆ, ಎಣ್ಣೆ ಜಿಡ್ಡು ಬರುತ್ತಿದೆ, ದಾರದಂಥ ಬ್ಯಾಕ್ಟೀರಿಯಾ ಬೆಳೆದಿದೆ. ನೀರು ಚಿಮುಕಿಸಿದರೆ ಹೋಗುವುದಿಲ್ಲ, ಕೆರೆದು ತೆಗೆದು ಹೊರಹಾಕಬೇಕು. ವಾಪಸ್ ಟ್ಯಾಂಕಿಗೆ ಹಾಕಿದರೆ ಮತ್ತೆ ಬೆಳೆಯುತ್ತದೆ. ಕೆಸರು ಹೊರಹಾಕುವ ಪ್ರಮಾಣವನ್ನು ದಿನಕ್ಕೆ 10ರಿಂದ 15 ಶೇಕಡಾಕ್ಕಿಂತ ಜಾಸ್ತಿ ಬದಲಿಸಬೇಡಿ. ಮದುವೆ ಸೀಸನ್ನಿನಲ್ಲಿ ಈ ನೊರೆ ಕಂಡರೆ ಕಲ್ಯಾಣಮಂಟಪದ ಅಡುಗೆಮನೆಯ ಗ್ರೀಸ್ ಟ್ರ್ಯಾಪ್ (ಜಿಡ್ಡು ಹಿಡಿಯುವ ತೊಟ್ಟಿ) ನೋಡಿ ಬನ್ನಿ. ಅಲ್ಲಿನ ಭಟ್ಟರ ಹತ್ತಿರ ಮರ್ಯಾದೆಯಿಂದ ಮಾತಾಡಿದರೆ ಕೆಲಸ ಆಗುತ್ತದೆ, ಮೊದಲ ದಿನವೇ ನೋಟಿಸ್ ಹಿಡಿದು ಹೋದರೆ ಆಗುವುದಿಲ್ಲ.

## ಒಳಗೆ ಬರುವ ನೀರೇ ಕೆಂಪಾಗಿದೆ, ಹುಳಿ ವಾಸನೆ ಬರುತ್ತಿದೆ

ಅಡಿಕೆ ಸುಗ್ಗಿಯಲ್ಲಿ ನೀರು ಕೆಂಪಗೆ ಬಂದರೆ ಮೊದಲ ಅನುಮಾನ ಚೊಗರಿನ ಮೇಲೆ. ಅಡಿಕೆ ಬೇಯಿಸಿದ ಹಂಡೆಯ ನೀರನ್ನು ಯಾರೋ ರಾತ್ರಿ ಚೇಂಬರಿಗೆ ಸುರಿದಿರುತ್ತಾರೆ. ಚೊಗರಿನಲ್ಲಿರುವ ಟ್ಯಾನಿನ್ ಬ್ಯಾಕ್ಟೀರಿಯಾಗಳಿಗೆ ಸುಲಭಕ್ಕೆ ಜೀರ್ಣವಾಗುವುದಿಲ್ಲ, ಜಾಸ್ತಿ ಬಂದರೆ ಅವುಗಳ ಕೆಲಸವನ್ನೇ ಕುಂಠಿತ ಮಾಡುತ್ತದೆ. ಬಣ್ಣ ಕೊನೆಯ ತನಕ ಉಳಿದು ಹೊರಗೆ ಹೋಗುವ ನೀರಿನಲ್ಲೂ ಕಾಣುತ್ತದೆ. ಕಾಫಿ ಸೀಮೆಯ ಕಡೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರಿನದು ಇನ್ನೂ ದೊಡ್ಡ ಹೊಡೆತ. ಮನೆ ಕೊಳಚೆಯ ಬಿಒಡಿ ಲೀಟರಿಗೆ 200ರಿಂದ 300 ಮಿಲಿಗ್ರಾಂ ಆಸುಪಾಸು, ಪಲ್ಪರ್ ನೀರಿನದು ಸಾವಿರಗಳಲ್ಲಿ. ಹುಳಿಯೂ ಹೌದು.

ನೀರು ಹುಳಿಯೋ ಕ್ಷಾರವೋ ಅಂತ ತೋರಿಸುವ ಪಿಎಚ್ ಪಟ್ಟಿ ಅದ್ದಿ ನೋಡಿ. 6.5ಕ್ಕಿಂತ ಕೆಳಗೆ ತೋರಿಸಿದರೆ ಹೊರಗಿನದು ಏನೋ ಬಂದಿದೆ. ಗಾಳಿ ಪೂರ್ತಿ ಬಿಡಿ, ಒಳಹರಿವನ್ನು ಆದಷ್ಟು ಹಂಚಿ ನಿಧಾನ ಮಾಡಿ. ಆಮೇಲೆ ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ಬಣ್ಣದ ಜಾಡು ಹಿಡಿದು ಹೋಗಿ, ಯಾವ ಬೀದಿಯಿಂದ ಅಂತ ಗೊತ್ತಾಗುತ್ತದೆ. ಚೊಗರನ್ನು ಅಡಿಕೆಗೆ ಬಣ್ಣ ಕೊಡಲು ಇಟ್ಟುಕೊಳ್ಳುತ್ತಾರೆ, ಕೊಳ್ಳುವವರೂ ಇದ್ದಾರೆ, ಸುರಿಯಲೇಬೇಕಾದ ವಸ್ತುವಲ್ಲ ಅದು. ಸುರಿದವರು ನಮ್ಮೂರಿನವರೇ ಅಲ್ವಾ, ಕೂತು ಹೇಳಿದರೆ ಬಹಳಷ್ಟು ಜನ ಕೇಳುತ್ತಾರೆ. ಕೇಳದವರಿಗೆ ಪಟ್ಟಣ ಪಂಚಾಯಿತಿ ಇದೆ.

ಹೊರಗಿನದು ಏನೂ ಬಂದಿಲ್ಲ, ಆದರೂ ಏರೇಶನ್ ಟ್ಯಾಂಕಿನ ಪಿಎಚ್ ದಿನೇ ದಿನೇ ಇಳಿಯುತ್ತಿದೆಯೇ? ಅದೂ ನಮ್ಮ ಮೆದು ನೀರಿನ ಗುಣ. ಬ್ಯಾಕ್ಟೀರಿಯಾ ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡುವಾಗ ಸುಮಾರು 7 ಮಿಲಿಗ್ರಾಂ ಕ್ಷಾರವನ್ನು ತಿಂದುಬಿಡುತ್ತದೆ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಕ್ಷಾರ ಧಾರಾಳವಾಗಿರುತ್ತದೆ, ನಮ್ಮಲ್ಲಿ ಅಷ್ಟಿಲ್ಲ. ಸುಣ್ಣದ ತಿಳಿ ಸ್ವಲ್ಪ ಸ್ವಲ್ಪ ಹಾಕಿ ದಿನಾ ಪಿಎಚ್ ಬರೆದಿಡಿ. ಸುಣ್ಣ ಕದಡುವಾಗ ಕನ್ನಡಕ ಹಾಕಿಕೊಳ್ಳಿ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ.

## ಸೆಟ್ಲಿಂಗ್ ಟ್ಯಾಂಕಿನಲ್ಲಿ ಕೆಸರು ತೇಲುತ್ತಿದೆ, ಹೊರಗೆ ಹೋಗುವ ನೀರು ಮಬ್ಬಾಗಿದೆ

ಈಗ ಜಾರಿನ ಕಡೆ ಬನ್ನಿ.

ಕೆಸರು ಚೆನ್ನಾಗಿ ತಳಕ್ಕೆ ಕೂತು, ಒಂದೆರಡು ಗಂಟೆಯಲ್ಲಿ ಗಟ್ಟಿ ಗಟ್ಟಿಯಾಗಿ ಮೇಲೆದ್ದು ಬಂತೇ? ತಳದಲ್ಲಿ ಸಾರಜನಕದ ಗುಳ್ಳೆ ಹುಟ್ಟಿ ಕೆಸರನ್ನು ಎತ್ತುತ್ತಿದೆ. ಸೆಟ್ಲಿಂಗ್ ಟ್ಯಾಂಕಿನಲ್ಲಿ (ಕೆಸರು ತಳಕ್ಕಿಳಿದು ತಿಳಿನೀರು ಹೊರಹೋಗುವ ತೊಟ್ಟಿ) ಕೆಸರು ಜಾಸ್ತಿ ಹೊತ್ತು ನಿಂತಿದೆ ಅಂತ ಅರ್ಥ. ಕೆಸರನ್ನು ಏರೇಶನ್ ಟ್ಯಾಂಕಿಗೆ ವಾಪಸ್ ಕಳಿಸುವ ಪಂಪು ಓಡುತ್ತಿದೆಯಾ, ಪೈಪ್ ಕಟ್ಟಿದೆಯಾ ನೋಡಿ, ಸ್ವಲ್ಪ ಜಾಸ್ತಿ ಓಡಿಸಿ.

ಕೆಸರು ಇಳಿಯುವುದೇ ಇಲ್ಲ, ಅರ್ಧ ಗಂಟೆಗೂ 700, 800ರ ಗೆರೆಯಲ್ಲೇ ನಿಂತಿದೆ, ಮೇಲಿನ ನೀರು ಮಾತ್ರ ತಿಳಿಯಾಗಿದೆ. ಈಗ ಅದೇ ನೀರಿಗೆ ಹೊರಹರಿವಿನ ತಿಳಿನೀರು ಸಮಸಮ ಬೆರೆಸಿ ಇನ್ನೊಂದು ಜಾರಿನಲ್ಲಿ ನೋಡಿ. ಆಗ ಸರಿಯಾಗಿ ಇಳಿದರೆ ಟ್ಯಾಂಕಿನಲ್ಲಿ ಕೆಸರು ಜಾಸ್ತಿಯಾಗಿದೆ ಅಷ್ಟೇ, ಹೊರಹಾಕಿ. ಆಗಲೂ ಇಳಿಯದಿದ್ದರೆ ದಾರದ ಬ್ಯಾಕ್ಟೀರಿಯಾ ಹೆಚ್ಚಿದೆ. ಗಾಳಿ ಕಡಿಮೆಯೇ, ಹಳಸಿದ ಕೊಳಚೆಯೇ, ಪಿಎಚ್ ಇಳಿದಿದೆಯೇ ಅಂತ ಹಿಂದಕ್ಕೆ ಹುಡುಕಬೇಕು. ಒಂದು ವಾರದಲ್ಲಿ ಸರಿಯಾಗದಿದ್ದರೆ ಸೂಕ್ಷ್ಮದರ್ಶಕದಲ್ಲಿ ನೋಡಬಲ್ಲವರನ್ನು ಕರೆಸಿ.

ಕೆಸರು ಬೇಗ ಇಳಿದು ಮೇಲಿನ ನೀರಿನಲ್ಲಿ ಸೂಜಿಮೊನೆಯಂಥ ಚುಕ್ಕೆ ಉಳಿದರೆ ಕೆಸರು ಮುದಿಯಾಗಿದೆ. ನೀರು ಪೂರ್ತಿ ಮಬ್ಬಾಗಿ, ಉಂಡೆಯೇ ಕಟ್ಟದಿದ್ದರೆ ಏನೋ ವಿಷ ಬಂದಿದೆ, ಅಥವಾ ಗಾಳಿ ನಿಂತಿತ್ತು.

## ಮಳೆ ಹಿಡಿದ ಮೇಲೆ ಎಲ್ಲವೂ ಕೊಚ್ಚಿ ಹೋಗುತ್ತಿದೆ

ಇದು ಮಲೆನಾಡಿನ ಖಾಯಂ ಕಾಯಿಲೆ. ಆರಿದ್ರೆಯಿಂದ ಆಶ್ಲೇಷದವರೆಗೆ ಘಟಕಕ್ಕೆ ಬರುವುದು ಅರ್ಧಕ್ಕರ್ಧ ಮಳೆನೀರು. ಒಳಗೆ ನುಗ್ಗುವ ನೀರಿನ ರಭಸಕ್ಕೆ ಸೆಟ್ಲಿಂಗ್ ಟ್ಯಾಂಕಿನ ಕೆಸರು ದಂಡೆ ಮೀರಿ ಹೊಳೆಗೆ ಹೋಗುತ್ತದೆ. ತಿಂಗಳುಗಟ್ಟಲೆ ಬೆಳೆಸಿದ್ದು ಒಂದು ರಾತ್ರಿಗೆ ಖಾಲಿ.

ಮಳೆನೀರು ಎಲ್ಲಿಂದ ಬರುತ್ತದೆ ಅಂತ ತಿಳಿಯಲು ಕಾಸು ಖರ್ಚಿಲ್ಲದ ಪರೀಕ್ಷೆ ಇದೆ. ರಾತ್ರಿ 2ರಿಂದ 4ರ ನಡುವೆ ಊರು ಮಲಗಿರುತ್ತದೆ, ಕೊಳಚೆ ಸಣ್ಣಗೆ ಬರಬೇಕು. ಆ ಹೊತ್ತಿನ ಹರಿವನ್ನು ಬೇಸಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಅಳೆದಿಡಿ. ಮಳೆ ಬಂದ ಕೂಡಲೇ ಏರಿ, ನಿಂತ ಕೂಡಲೇ ಇಳಿದರೆ ಮನೆಗಳ ಹೆಂಚಿನ ನೀರು, ಅಂಗಳದ ನೀರು ಯುಜಿಡಿಗೆ ಕೊಟ್ಟಿದ್ದಾರೆ, ಇಲ್ಲವೇ ಮ್ಯಾನ್‌ಹೋಲ್ ಮುಚ್ಚಳ ಒಡೆದಿದೆ. ಮಳೆ ನಿಂತು ಎರಡು ಮೂರು ದಿನವಾದರೂ ಹರಿವು ಇಳಿಯದಿದ್ದರೆ ಪೈಪಿನ ಜೋಡಣೆಯಲ್ಲಿ ಒರತೆ ನೀರು ನುಗ್ಗುತ್ತಿದೆ. ಮೊದಲನೆಯದನ್ನು ಬೀದಿ ಸುತ್ತಿ, ಮಾಡಿನ ದೋಣಿ ಪೈಪಿಗೆ ಬಣ್ಣದ ನೀರು ಬಿಟ್ಟು ಹಿಡಿಯಬಹುದು. ಎರಡನೆಯದಕ್ಕೆ ಪೈಪಿನೊಳಗೆ ಕ್ಯಾಮೆರಾ ಬಿಡಬೇಕು, ಟೆಂಡರ್ ಆಗಬೇಕು. ಬೇಸಗೆಯಲ್ಲೇ ಅರ್ಜಿ ಕೊಡಿ.

ಹೊಳೆ ಏರಿದಾಗ ಹೊರಹರಿವಿನ ಪೈಪಿನಲ್ಲಿ ನೀರು ಹಿಂದಕ್ಕೆ ಬರುತ್ತದೆ. ಅಲ್ಲಿರುವ ಮುಚ್ಚುಬಾಗಿಲಿಗೆ ಕಸ, ಮರದ ಕೊಂಬೆ ಸಿಕ್ಕಿಕೊಂಡಿದೆಯಾ ಅಂತ ಮಳೆಗಾಲಕ್ಕೆ ಮೊದಲೇ ನೋಡಿ. ಹೊಳೆ ತುಂಬಿದಾಗ ಅಲ್ಲಿಗೆ ಇಳಿಯಬೇಡಿ.

ಕೆಸರು ಕೊಚ್ಚಿ ಹೋಗುತ್ತಿರುವಾಗಲೇ ಏನು ಮಾಡುವುದು? ಒಂದೆರಡು ಗಂಟೆ ಗಾಳಿ ನಿಲ್ಲಿಸಿ. ಕೆಸರು ಏರೇಶನ್ ಟ್ಯಾಂಕಿನ ತಳದಲ್ಲೇ ಕೂರುತ್ತದೆ, ಹೋಗುವುದು ಮೇಲಿನ ತೆಳು ನೀರು. ಜಾಸ್ತಿ ಹೊತ್ತು ಬಿಟ್ಟರೆ ಕಪ್ಪಾಗುತ್ತದೆ, ಗಡಿಯಾರ ನೋಡಿಕೊಂಡು ಮಾಡಿ.

## ಕ್ಲೋರಿನ್

ಬ್ಲೀಚಿಂಗ್ ಪುಡಿ ನಮ್ಮ ತೇವದ ಹವೆಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಅಳತೆ ಸರಿ ಹಾಕಿದರೂ ಕೀಟಾಣು ಸಾಯುತ್ತಿಲ್ಲವೆಂದರೆ ಚೀಲ ಎಷ್ಟು ಹಳೆಯದು ನೋಡಿ. 30 ನಿಮಿಷ ಬೆರೆತ ಮೇಲೆ ಲೀಟರಿಗೆ ಅರ್ಧ ಮಿಲಿಗ್ರಾಂ ಉಳಿದರೆ ಸಾಕು. ಮಬ್ಬು ನೀರಿಗೆ ಕ್ಲೋರಿನ್ ಸುರಿದು ಸರಿಮಾಡಲು ಹೋಗಬೇಡಿ, ಅದು ಹೊಳೆಯ ಮೀನಿಗೆ ವಿಷ. ತೀರ್ಥಹಳ್ಳಿ ಹತ್ತಿರ ಚಿಬ್ಬಲಗುಡ್ಡೆಯಲ್ಲಿ, ಶೃಂಗೇರಿಯಲ್ಲಿ ಜನ ಮಂಡಕ್ಕಿ ಹಾಕಿ ಸಾಕಿದ ಮೀನುಗಳು ಈ ನೀರಿನಲ್ಲೇ ಇವೆ. ಆಸಿಡ್ ಜೊತೆ ಬ್ಲೀಚಿಂಗ್ ಎಂದೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ.

## ಯಾವಾಗ ಬೇರೆಯವರನ್ನು ಕರೆಯಬೇಕು

ಮೋಟರ್ ಪದೇ ಪದೇ ಟ್ರಿಪ್ ಆಗುತ್ತಿದ್ದರೆ, ಬಾಡಿ ಮುಟ್ಟಿದರೆ ಶಾಕ್ ಹೊಡೆದರೆ, ಒಳಗೆ ಇಳಿಯದೆ ಆಗದ ಕೆಲಸವಾದರೆ, ಸೀಮೆಎಣ್ಣೆ, ಪೆಟ್ರೋಲ್, ಕೀಟನಾಶಕದ ವಾಸನೆ ಬಂದರೆ ಆಗಲೇ ನಿಲ್ಲಿಸಿ. ಮೀನು ಸತ್ತು ತೇಲಿದರೆ ಪಟ್ಟಣ ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅವತ್ತೇ ತಿಳಿಸಿ, ಕೆಳಗಿನ ಕುಡಿಯುವ ನೀರಿನ ಪಂಪ್‌ಹೌಸಿಗೆ ಅದಕ್ಕಿಂತ ಮೊದಲು ಫೋನ್ ಮಾಡಿ.

ಎಂಜಿನಿಯರ್ ಬರುವಾಗ ಲಾಗ್ ಬುಕ್ಕಿನಲ್ಲಿ ವಾರದ ಜಾರಿನ ಲೆಕ್ಕ, ಪಿಎಚ್, ಬ್ಲೋವರ್ ಓಡಿದ ಗಂಟೆ, ಮಳೆ ಬಂದ ದಿನ, ಕರೆಂಟು ಹೋದ ಹೊತ್ತು ಬರೆದಿರಲಿ. ಫೋನಿನಲ್ಲಿ ಟ್ಯಾಂಕಿನ ಫೋಟೋ ಬೆಳಿಗ್ಗೆ ಒಂದು, ಸಂಜೆ ಒಂದು ತೆಗೆದಿಡಿ. ಲ್ಯಾಬಿಗೆ ಸ್ಯಾಂಪಲ್ ಕಳಿಸುವುದಾದರೆ ಕೀಟಾಣು ಪರೀಕ್ಷೆಗೆ ಅವರೇ ಕೊಟ್ಟ ಬಾಟಲಿ ಬೇಕು, ಒಳಗಿರುವ ಪುಡಿಯನ್ನು ತೊಳೆದುಬಿಡಬೇಡಿ, ಅದು ಕ್ಲೋರಿನ್ ಮುರಿಯಲು ಹಾಕಿದ್ದು. ಬಾಟಲಿ ಐಸ್ ಡಬ್ಬಿಯಲ್ಲಿಟ್ಟು, ತೆಗೆದ ಜಾಗ ಮತ್ತು ಹೊತ್ತು ಚೀಟಿ ಅಂಟಿಸಿ, ಶಿವಮೊಗ್ಗದ ಬೆಳಗಿನ ಮೊದಲ ಬಸ್ಸಿಗೇ ಕಳಿಸಿ.